ತವರಿನಿಂದ ಮರಳಿದ ಹರಿಗೋಲು

ಸಂಗಮದ ಕೆಳಗಿನ ರಭಸದಲ್ಲಿ ಹರಿಗೋಲು ಮಗುಚಿದಾಗ ಅಂಬಿಗ ಮಾದಯ್ಯ ನನ್ನನ್ನೂ, ಶಂಕರಪುರದಿಂದ ಜೊತೆಗೆ ಬಂದಿದ್ದ ನಂಜುಂಡಯ್ಯನವರನ್ನೂ ದಡಕ್ಕೆ ಎಳೆದು ಉಳಿಸಿದ. ಹರಿಗೋಲು ನಮ್ಮ ಸಾಮಾನಿನೊಡನೆ ತೇಲಿಹೋಯಿತು. ಕಾವೇರಿ ತೆಗೆದುಕೊಂಡದ್ದನ್ನು ಹಿಂದಕ್ಕೆ ಕೊಡುವುದಿಲ್ಲವೆಂದು ದಡದಲ್ಲಿದ್ದವರೆಲ್ಲ ಹೇಳಿದರು. ಯಾರಾದರೂ ಹುಡುಕಿದ್ದುಂಟೇ ಎಂದು ಕೇಳಿದೆ. ಯಾರೂ ಹುಡುಕಿರಲಿಲ್ಲ. ಮಾದಯ್ಯನನ್ನೂ ಅವನ ಹೆಂಡತಿ ಪುಟ್ಟಮ್ಮನನ್ನೂ ಒತ್ತಾಯದಿಂದ ಹೊರಡಿಸಿ, ಹೊಳೆಯ ಜೊತೆಗೇ ಕೆಳಕ್ಕೆ ನಡೆದೆವು.

ಒಂದು ತಿರುವಿನಲ್ಲಿ ಹರಿಗೋಲು ಮತ್ತಿಮರದ ಬೇರಿಗೆ ಸಿಕ್ಕಿ ವಾಲಿ ನಿಂತಿತ್ತು. ಅದಕ್ಕೆ ಕಟ್ಟಿದ್ದ ನಮ್ಮ ಅಕ್ಕಿಯ ಡಬ್ಬಿಯೂ ಹಾಗೆಯೇ ಇತ್ತು. ಮಾದಯ್ಯನ ಸಂಸಾರ ನಡೆಯುತ್ತಿದ್ದುದೇ ಆ ಹರಿಗೋಲಿನಿಂದ. ಆದರೂ ಅವನು ಮುಟ್ಟಲಿಲ್ಲ.

"ತಾಯಿ ತಕ್ಕೊಂಡದ್ದು ಬುದ್ಧಿ. ನಾನ್ ಕಿತ್ಕೊಂಡ್ರೆ ಮನೇಲಿ ಒಂದ್ ಜೀವ ಹೋಯ್ತದೆ."

ಹಿಡಿದಿರುವುದು ಬೇರು, ನದಿಯಲ್ಲ ಎಂದು ವಾದಿಸಿದೆ. ಅವನು ಕಣ್ಣೊರೆಸಿಕೊಂಡು ನಿಂತೇ ಇದ್ದ.

ಪುಟ್ಟಮ್ಮ ಗಂಡನನ್ನು ಗದರಿದಳು. "ಕಿತ್ಕೊಳದ್ಯಾಕೆ? ಮಗಳು ತವರಿಗೆ ಬಂದವ್ಳೆ, ಕಳಿಸ್ಕೊಡವ್ವಾ ಅಂತ ಕೇಳಾನ. ಬುದ್ಧಿ, ಒಸಿ ಅಕ್ಕಿ ಕೊಡಿ. ಮಡಿಲು ತುಂಬದೆ ಹೆಣ್ಣು ಕಳಿಸ್ತಾರಾ?"

"ರೇಷನ್ ಅಕ್ಕಿ ಸ್ವಾಮೀ!" ಎಂದರು ನಂಜುಂಡಯ್ಯನವರು. "ನೀವು ಇದನ್ನೆಲ್ಲ ನಂಬೋದೂ ಇಲ್ವಲ್ಲ!"

"ನಂಬದೇ ಇದ್ರೂ ಡಬ್ಬಿ ಮುಚ್ಚಳ ಕಳಚಿ ಬರತ್ತೆ, ತೆಗೀರಿ" ಎಂದೆ.

ಪುಟ್ಟಮ್ಮ ಹೊಳೆಗೆ ಕೈಮುಗಿದು, ಬೊಗಸೆ ಅಕ್ಕಿಯನ್ನೂ ತನ್ನ ತುರುಬಿನ ಹೂವನ್ನೂ ಹರಿಗೋಲಿನೊಳಗೆ ಇಟ್ಟಳು. ಮಾದಯ್ಯ ನೀರಿಗಿಳಿದು ಅದರ ಅಂಚು ಹಿಡಿದ.

"ಬಾರವ್ವ," ಎಂದ, "ಮನೆಗೋಗಾನ."