ಕೌಂಟರಿನಲ್ಲಿ ಹೇಳಿದ ಹೆಸರು

ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬಂದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂದು ನನ್ನ ಅತ್ತೆ ಹೇಳುತ್ತಿದ್ದರು. ನಾನು ನಂಬಿದ್ದೆ. ನಗುವವರು ನಗಲಿ. ಕೊಳ್ಳೇಗಾಲದ ನಮ್ಮ ಮನೆಯಲ್ಲಿ ರೇಷ್ಮೆ ಮಗ್ಗ ಎಷ್ಟೇ ಸದ್ದು ಮಾಡುತ್ತಿರಲಿ, ನಮ್ಮ ಯಜಮಾನರನ್ನು ‘ಇಲ್ನೋಡಿ’ ಎಂದೇ ಕರೆಯುತ್ತಿದ್ದೆ.

ಅವರಿಗೆ ಶ್ವಾಸಕೋಶದ ಕ್ಯಾನ್ಸರ್ ಎಂದಾಯಿತು. ಮೈಸೂರಿನ ಡಾಕ್ಟರು, ‘ಮೈಯ ಕಾವಲನ್ನೇ ಎಬ್ಬಿಸಿ ಗೆಡ್ಡೆಯ ಮೇಲೆ ಬಿಡೋ ಔಷಧಿ ಇದೆ. ಎಲ್ಲರಿಗೂ ಹಿಡಿಯಲ್ಲ. ಗೆಡ್ಡೆಯ ಚೂರಿನಲ್ಲಿ ಒಂದು ಗುರುತು ಎಷ್ಟಿದೆ ಅಂತ ಲ್ಯಾಬಲ್ಲಿ ನೋಡಬೇಕು. ಜಾಸ್ತಿ ಇದ್ರೆ ಹಿಡಿಯೋ ಸಂಭವ ಹೆಚ್ಚು’ ಎಂದರು. ಸೂಜಿಯಿಂದ ತೆಗೆದ ಚೂರನ್ನು ಮೇಣದ ಬಿಲ್ಲೆಯಲ್ಲಿ ಕೂರಿಸಿ ನಮ್ಮ ಕೈಗೇ ಕೊಟ್ಟರು. ಬಿಸಿಲಿಗೆ ಮೇಣ ಕರಗೀತೆಂದು ಸೆರಗಿನ ಮರೆಯಲ್ಲಿ ಹಿಡಿದುಕೊಂಡೆ. ಇಬ್ಬರೂ ಲ್ಯಾಬಿಗೆ ಹೋದೆವು.

ಕೌಂಟರಿನ ಹುಡುಗಿ ಕಾಗದ ತೆಗೆದುಕೊಂಡು, ‘ಪೇಷೆಂಟ್ ಹೆಸರು ಹೇಳಿ’ ಎಂದಳು.

‘ಅದ್ರಲ್ಲೇ ಬರ್ದದಲ್ಲವ್ವ, ಓದ್ಕ.’

‘ನೀವೇ ಬಾಯಿಬಿಟ್ಟು ಹೇಳ್ಬೇಕಮ್ಮ. ಒಬ್ಬರದು ಇನ್ನೊಬ್ಬರಿಗೆ ಸೇರಿಬಿಟ್ರೆ ಔಷಧೀನೇ ತಪ್ಪಾಗುತ್ತೆ.’

ಇವರ ಕಡೆ ತಿರುಗಿದೆ. ಕಾಯಿಲೆಯಿಂದ ದನಿ ಕಟ್ಟಿತ್ತು, ನಿಜ. ಪಿಸುಗುಟ್ಟಲಂತೂ ಆಗುತ್ತಿತ್ತು. ಈ ಮಹಾರಾಯರು ಗಂಟಲು ತೋರಿಸಿ ಕೈಯಾಡಿಸಿಬಿಟ್ಟರು! ಕಣ್ಣಲ್ಲಿ ತುಂಟತನ. ಅಯ್ಯೋ ಶಿವನೇ, ಹಿಂದೆ ಜನ ಬೇರೆ ನಿಂತಿದ್ದರು. ಕಣ್ಣು ಮುಚ್ಚಿಕೊಂಡು ಹೇಳಿಬಿಟ್ಟೆ. ಕಣ್ಣು ಬಿಟ್ಟರೆ ಇವರು ನಗುತ್ತಿದ್ದಾರೆ. ಮದುವೆಯ ದಿನವೂ ಅವರು ಹಾಗೆ ನಕ್ಕಿರಲಿಲ್ಲ.

ರಿಪೋರ್ಟ್ ಬರುವವರೆಗೆ ನನಗೆ ಅನ್ನ ಸೇರಲಿಲ್ಲ. ಕೊನೆಗೂ ಬಂತು. ಗುರುತು ಧಾರಾಳವಾಗಿತ್ತು. ಔಷಧಿ ಹಿಡಿಯಿತು, ಕೆಮ್ಮು ಇಳಿಯಿತು, ಅವರು ಮತ್ತೆ ಮಗ್ಗಕ್ಕೆ ಕೂತರು.

‘ನೋಡ್ದಾ, ನೀ ಎಸ್ರೇಳಿದ್ಕೆ ಆಯಸ್ಸು ಎಚ್ಚಾಯ್ತು. ಇನ್ನೊಂದ್ಸಲ ಏಳಮ್ಮಿ.’

‘ಒಂದ್ಸಲಕ್ಕೆ ದ್ಯಾವ್ರು ಕಣ್ಮುಚ್ಕಂಡವ್ನೆ. ದಿನಾ ಅಂದ್ರೆ ಬುಟ್ಟಾನಾ? ಸುಮ್ನೆ ನೇಯ್ರಿ.’

ಲಾಳಿ ಎಸೆಯುತ್ತ ಕೇಳುತ್ತಿದ್ದರು, ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಳ್ಳುತ್ತ ಕೇಳುತ್ತಿದ್ದರು. ನಾನು ಜಗ್ಗಲಿಲ್ಲ. ಔಷಧಿ ಡಾಕ್ಟರದು, ಪರೀಕ್ಷೆ ಲ್ಯಾಬಿನದು. ಅವರನ್ನು ಉಳಿಸಿಕೊಳ್ಳಲು ನನ್ನ ಕೈಲಿದ್ದದ್ದು ಇದೊಂದೇ ಅಲ್ಲವೇ?

ಮುಂದಿನ ವರ್ಷ ಔಷಧಿ ಸೋತಿತು. ಕಡೆಯ ದಿನ ತುಟಿ ಅಲ್ಲಾಡಿಸಿ ಅವರು ಕೇಳಿದ್ದೂ ಅದನ್ನೇ. ಇನ್ನೂ ಉಸಿರಿದೆ, ಆಯಸ್ಸಿದೆ ಎಂದುಕೊಂಡು, ಒಲ್ಲೆನೆಂದು ತಲೆಯಾಡಿಸಿದೆ. ಅವರಿಗೆ ಸಿಟ್ಟೇನೂ ಬರಲಿಲ್ಲ. ನನ್ನ ಕೈ ಹಿಡಿದುಕೊಂಡರು.

ಈಗ ಯಾರ ಆಯಸ್ಸಿಗೂ ಹೆದರಬೇಕಾಗಿಲ್ಲ. ಎಷ್ಟು ಚೆಂದದ ಹೆಸರು ಅವರದು! ದಿನಾ ಗಟ್ಟಿಯಾಗಿ ಕರೆಯುತ್ತೇನೆ, ಪಕ್ಕದ ಮನೆಯವರಿಗೆ ಕೇಳಿಸಿದರೆ ಕೇಳಿಸಲಿ. ಕರೆದು, ಸ್ವಲ್ಪ ಹೊತ್ತು ಕಾಯುತ್ತೇನೆ.