ಅಪ್ಪ ತೊಳೆದ ಯುದ್ಧನೌಕೆ

ನೀರು ತಾಗಿದರೆ ಹಡಗು ಹಾಳಾಗುತ್ತದೆ ಎಂದು ಯಾರಿಗಾದರೂ ಹೇಗೆ ಹೊಳೆಯಬೇಕು?

ನನ್ನ ಅಪ್ಪನಿಗೂ ಹೊಳೆಯಲಿಲ್ಲ. ಆಯುಧ ಪೂಜೆಯ ದಿನ ನಾನು ಬೆಳಿಗ್ಗೆಯೇ ಮೂಡುಬಿದಿರೆಗೆ, ಪಾಠ ಮಾಡುವ ಕಾಲೇಜಿಗೆ ಹೋಗಿದ್ದೆ. ಮಧ್ಯಾಹ್ನ ಸಿದ್ಧಕಟ್ಟೆಯಲ್ಲಿ ಬಸ್ಸಿಳಿದು ಮನೆಗೆ ಬಂದರೆ ಅಂಗಳದಲ್ಲಿ ಒಂದು ಸಾಲು. ಮೊದಲು ಸ್ಕೂಟರ್. ಪಕ್ಕದಲ್ಲಿ ಹುಲ್ಲು ಕತ್ತರಿಸುವ ಮೆಷಿನ್. ಆಮೇಲೆ ಹಳೆಯ ಪಂಪು, ಎರಡು ಕತ್ತಿ, ಒಂದು ಹಾರೆ. ಸಾಲಿನ ಕೊನೆಯಲ್ಲಿ, ಸ್ಟೂಲಿನ ಮೇಲೆ, ಮೈಯೆಲ್ಲ ನೀರು ತೊಟ್ಟಿಕ್ಕುತ್ತಾ, ಮೂತಿಗೆ ಸೇವಂತಿಗೆ ಮಾಲೆ ಹಾಕಿಸಿಕೊಂಡು ನನ್ನ ಯುದ್ಧನೌಕೆ.

"ಎಲ್ಲ ಗಾಡಿಗೂ ಆಯ್ತು. ಇದೊಂದಕ್ಕೆ ಯಾಕೆ ಬಾಕಿ ಅಂತ," ಎಂದರು ಅಪ್ಪ. (ಮನೆಯಲ್ಲಿ ನಾವು ಮಾತಾಡುವುದು ತುಳು. ಇಲ್ಲಿ ಕನ್ನಡ ಮಾಡಿಕೊಂಡಿದ್ದೇನೆ.) "ಶಾಂಪೂ ಹಾಕಿಯೇ ತೊಳೆದದ್ದು. ಸೋಪಿನ ಹುಡಿ ಹಾಕ್ಲಿಲ್ಲ, ಪೈಂಟ್ ಹೋಗ್ತದೆ ಅಲ್ವಾ?"

ಕೈಯಲ್ಲಿ ಬಕೆಟ್ ಇತ್ತು. ಮುಖದಲ್ಲಿ ನಗು ಇತ್ತು. ಹಡಗಿನ ಮುಂದೆ ಎರಡು ಲಿಂಬೆಹಣ್ಣು ಇದ್ದವು.

"ಚಕ್ರ ಇಲ್ಲ. ಲಿಂಬೆ ಎಲ್ಲಿ ಇಡುವುದು ಅಂತ ಸ್ವಲ್ಪ ಹೊತ್ತು ನೋಡಿದೆ ಮಾರಾಯ್ತಿ."

ನಾನು "ಹ್ಞೂಂ" ಎಂದೆ. ಚಪ್ಪಲಿ ಬಿಚ್ಚಿದೆ. ಒಳಗೆ ಹೋಗಿ ಒಂದು ಲೋಟ ನೀರು ಕುಡಿದೆ. ಕಿರುಚಬೇಕಾಗಿದ್ದ ಜಾಗ ಅದು. ಆದರೆ ಕಿರುಚಲಿಕ್ಕೂ ಒಂದು ಮಟ್ಟದ ಆರೋಗ್ಯ ಬೇಕು. ಪರೀಕ್ಷೆ, ವ್ಯಾಲ್ಯುವೇಷನ್, ದಿನಕ್ಕೆರಡು ಸಲ ಬಸ್ಸಿನಲ್ಲಿ ನಿಂತುಕೊಂಡೇ ಪ್ರಯಾಣ. ಆ ವಾರ ನನ್ನಲ್ಲಿ ಅಷ್ಟು ಉಳಿದಿರಲಿಲ್ಲ.

ಈ ಅಂಕಣದಲ್ಲಿ ನಾನು ಮನೆಯ ವಿಷಯ ತರುವುದು ಕಡಿಮೆ ಎಂದು ನಿಮಗೆ ಗೊತ್ತು. ಹಡಗಿನ ವಿಷಯವನ್ನಂತೂ ಒಮ್ಮೆಯೂ ಬರೆದಿಲ್ಲ. ಈಗ ಬರೆಯಲೇಬೇಕಾಗಿದೆ.

ಅಳದಂಗಡಿಯಲ್ಲಿರುವ ನನ್ನ ಮಾವ, ಎಂದರೆ ಅಮ್ಮನ ಅಣ್ಣ, ಹರೆಯದಲ್ಲಿ ನೌಕಾಪಡೆ ಸೇರಿದವರು. ಒಂದು ಹಳೆಯ ಕ್ರೂಸರ್‌ನಲ್ಲಿ ಕೆಲವು ವರ್ಷ ಇದ್ದರು. ತುಕ್ಕು ಕೆರೆಯುವುದು, ಬಣ್ಣ ಬಳಿಯುವುದು, ಮತ್ತೆ ತುಕ್ಕು ಕೆರೆಯುವುದು. ದೊಡ್ಡ ಯುದ್ಧ ಕಂಡ ಉಕ್ಕಿನ ಹಡಗು ಅದು; ಮಾವ ಹತ್ತುವ ಹೊತ್ತಿಗೆ ಮುದಿಯಾಗಿತ್ತು. ಆಮೇಲೆ ಅದನ್ನು ಒಡೆದು ಗುಜರಿಗೆ ಹಾಕಿದರು. ಮಾವನ ಹತ್ತಿರ ಉಳಿದದ್ದು ಅಂಗೈ ಅಗಲದ ಒಂದು ಫೋಟೋ. ಅದರಲ್ಲಿ ಮಾವ ಪೂರ್ತಿ ಕಾಣುತ್ತಾರೆ, ಹಡಗು ಅರ್ಧ ಮಾತ್ರ.

ಉಳಿದರ್ಧವನ್ನು ನೋಡಬೇಕು ಎಂದು ನನಗೆ ಯಾಕೆ ಅನಿಸಿತೋ ಹೇಳಲಾರೆ. ಎರಡು ವರ್ಷದ ಹಿಂದೆ ಇಂಟರ್‌ನೆಟ್ಟಿನಲ್ಲಿ ಅದರ ನಕ್ಷೆ ಸಿಕ್ಕಿತು. ಅದನ್ನು ಇನ್ನೂರರಲ್ಲಿ ಒಂದು ಪಾಲಿನ ಅಳತೆಗೆ ಇಳಿಸಿ, ಬಂಟ್ವಾಳದ ಒಂದು ಅಂಗಡಿಯಲ್ಲಿ ದೊಡ್ಡ ಹಾಳೆಗೆ ಪ್ರಿಂಟ್ ಹಾಕಿಸಿದೆ. ಆ ಅಂಗಡಿಯವರು ಮನೆ ಪ್ಲಾನ್ ಪ್ರಿಂಟ್ ಹಾಕುವವರು. ತುಂಬ ಹೊತ್ತು ಹಾಳೆ ನೋಡಿ ಕೇಳಿದರು, "ಮೇಡಂ, ಕಿಟಕಿ ಎಲ್ಲ ಇಷ್ಟು ಸಣ್ಣದು ಮಾಡಿದ್ರೆ ಗಾಳಿ ಬರ್ತದಾ?"

ಪೆಟ್ಟಿಗೆಯಲ್ಲಿ ತುಂಡುಗಳು ಬಂದು, ಅಂಟಿಸಿದರೆ ಮುಗಿಯುವ ಆಟಿಕೆಯಲ್ಲ ಇದು. ಒಂದೊಂದು ತುಂಡನ್ನೂ ನಾವೇ ಅಳೆದು, ಕತ್ತರಿಸಿ, ಉಜ್ಜಿ ಮಾಡಬೇಕು. ಒಳಗಿನ ಪಕ್ಕೆಲುಬುಗಳು ಪ್ಲೈವುಡ್. ರೇಲಿಂಗ್, ಸುಟ್ಟ ಮಿಕ್ಸಿಯ ಮೋಟಾರಿನಿಂದ ಬಿಚ್ಚಿದ ತಾಮ್ರದ ತಂತಿ. ಫಿರಂಗಿಗಳ ನಳಿಗೆ, ಉತ್ತರಪತ್ರಿಕೆ ತಿದ್ದಿ ಖಾಲಿಯಾದ ಕೆಂಪು ಪೆನ್ನುಗಳ ರೀಫಿಲ್. ಇನ್ನು ಹಡಗಿನ ಮೈ. ಅದು ಒಂದೇ ತಗಡಲ್ಲ. ಉಕ್ಕಿನ ಪ್ಲೇಟುಗಳನ್ನು ಹಂಚು ಹೊದಿಸಿದ ಹಾಗೆ ಒಂದರ ಅಂಚಿನ ಮೇಲೊಂದು ಕೂರಿಸಿರುತ್ತಾರೆ. ನನ್ನ ಅಳತೆಯಲ್ಲಿ ಒಂದು ಪ್ಲೇಟು ಕಿರುಬೆರಳಿನ ಅರ್ಧ. ಅಂಥವು ನಾನೂರೈವತ್ತರ ಹತ್ತಿರ.

ಅಷ್ಟು ಒಳ್ಳೆಯ ದಪ್ಪ ಕಾರ್ಡು ಎಲ್ಲಿ ಸಿಗುತ್ತದೆ? ನಮ್ಮೂರಿನಲ್ಲಿ ಅದಕ್ಕೆ ಬರವಿಲ್ಲ. ಮದುವೆ ಕಾಗದ! ಪ್ರತಿ ಸೀಸನ್‌ನಲ್ಲೂ ನಮ್ಮ ಮನೆಗೆ ರಾಶಿ ಬೀಳುತ್ತದೆ. ಹಾಗೆ ಬಂಟ್ವಾಳ, ಬೆಳ್ತಂಗಡಿ ಎರಡೂ ತಾಲೂಕಿನ ವಧೂವರರು ನನ್ನ ಹಡಗಿನ ಮೈಯಾದರು. (ನಿನ್ನದು ಯಾವಾಗ ಎಂದು ಕೇಳುವವರು ಹೆಚ್ಚಾಗಿ ಈ ಕಾಗದ ಕೊಡಲು ಬಂದವರೇ. ನಾನು ಕಾಗದದ ದಪ್ಪ ನೋಡಿ ಥ್ಯಾಂಕ್ಸ್ ಹೇಳುತ್ತಿದ್ದೆ.)

ಇದರಿಂದ ಏನು ಉಪಯೋಗ? ಈ ಪ್ರಶ್ನೆ ಎಷ್ಟು ಸಲ ಕೇಳಿಸಿಕೊಂಡಿದ್ದೇನೋ. ಸಂಜೆ ಎರಡು ಗಂಟೆ ಹೊತ್ತು ಮೊಬೈಲ್ ಒರೆಸುವವರನ್ನು ಯಾರೂ ಉಪಯೋಗ ಕೇಳುವುದಿಲ್ಲ. ಬ್ಲೇಡು, ಅಂಟು ಹಿಡಿದು ಸುಮ್ಮನೆ ಕೂತವಳನ್ನು ಎಲ್ಲರೂ ಕೇಳುತ್ತಾರೆ. ವಿವರಿಸಿ ವಿವರಿಸಿ ದಣಿದು, ಒಂದು ದಿನ ವಿವರಿಸುವುದನ್ನೇ ನಿಲ್ಲಿಸಿದೆ. ಬಾಗಿಲು ಹಾಕಿಕೊಂಡೆ.

ಅಪ್ಪ ಮಾತ್ರ ಏನೂ ಕೇಳಲಿಲ್ಲ. ಅಪ್ಪ ನಾನು ಕಾಲೇಜಿಗೆ ಹೋಗುವ ರೂಟಿನಲ್ಲೇ ಮೂವತ್ತು ವರ್ಷ ಖಾಸಗಿ ಬಸ್ಸು ಬಿಟ್ಟವರು. ಮನೆಯಲ್ಲಿ ಮಾತು ಕಡಿಮೆ. ನಾನೂ ಅವರ ಮಗಳೇ. ಎರಡು ವರ್ಷದಲ್ಲಿ ನನ್ನ ಹಡಗಿನ ಬಗ್ಗೆ ಅಪ್ಪ ಹೇಳಿದ್ದು ಒಂದೇ ಮಾತು: "ಕಣ್ಣು ಹಾಳಾಗ್ತದೆ." ಅದು ಬೈಗುಳವೋ, ಕಾಳಜಿಯೋ, ಇನ್ನು ಸಾಕು ಎನ್ನುವ ಸೂಚನೆಯೋ ನನಗೆ ತಿಳಿಯಲಿಲ್ಲ. ಕೇಳಲಿಲ್ಲ. ಅಪ್ಪ ಏನೂ ಕೇಳದ್ದರ ನೋವು ನನಗಿತ್ತು. ಅದನ್ನೂ ಹೇಳಲಿಲ್ಲ.

ಅಂಥ ಅಪ್ಪ ಆ ದಿನ ತಾವಾಗಿ ನನ್ನ ಕೋಣೆಗೆ ಹೋಗಿ, ಹಡಗನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದು ತೊಳೆದಿದ್ದರು. ರಿಟೈರ್ ಆದ ಮೇಲೆ ಅವರಿಗೆ ತೊಳೆಯಲು ಒಂದು ಬಸ್ಸಿರಲಿಲ್ಲ. ಸ್ಕೂಟರ್ ಐದು ನಿಮಿಷದಲ್ಲಿ ಮುಗಿದುಬಿಡುತ್ತದೆ. ಅವರ ಮಟ್ಟಿಗೆ ಒಂದು ಗಾಡಿಯನ್ನು ಒಪ್ಪಿಕೊಳ್ಳುವುದೆಂದರೆ ಅದನ್ನು ತೊಳೆಯುವುದು.

ಅದೇ ಬೆಳಿಗ್ಗೆ ನಾನು ಎಲ್ಲಿದ್ದೆ ಗೊತ್ತೇ? ನಮ್ಮ ಫಿಸಿಕ್ಸ್ ಲ್ಯಾಬಿನಲ್ಲಿ. ಅಟೆಂಡರ್ ಅಣ್ಣ ವರ್ನಿಯರ್ ಕ್ಯಾಲಿಪರ್‌ಗೆ ಗಂಧ, ಸ್ಕ್ರೂ ಗೇಜಿಗೆ ಕುಂಕುಮ ಹಚ್ಚುವಾಗ ಕೈಮುಗಿದು ನಿಂತಿದ್ದೆ. ಮಿಲಿಮೀಟರಿನ ನೂರನೇ ಒಂದು ಭಾಗ ಅಳೆಯುವ ಯಂತ್ರಕ್ಕೆ ಒಂದು ಚಿಟಿಕೆ ಕುಂಕುಮ. ನಾನು ಬೇಡ ಎಂದೆನೇ? ಚರುಮುರಿ, ಬಾಳೆಹಣ್ಣು ತಿಂದು ಬಸ್ಸು ಹತ್ತಿದೆ. ಮತ್ತೆ ಅಪ್ಪನಿಗೆ ಯಾವ ಬಾಯಿಯಿಂದ ಹೇಳಲಿ?

ಅಪ್ಪ ಮಲಗಿದ ಮೇಲೆ, ಮಧ್ಯಾಹ್ನದ ನಿದ್ದೆಗೆ, ಹಡಗನ್ನು ಒಳಗೆ ತಂದು ನೋಡಿದೆ. ಬಲಪಕ್ಕಕ್ಕೆ ಎರಡು ಕೋಟ್ ವಾರ್ನಿಷ್ ಆಗಿತ್ತು. ಅಲ್ಲಿ ದೊಡ್ಡ ಪೆಟ್ಟಿಲ್ಲ. ಎಡಪಕ್ಕಕ್ಕೆ ಬರೀ ಬೂದು ಬಣ್ಣ. ಅಲ್ಲಿ ಪ್ಲೇಟುಗಳು ನೀರು ಕುಡಿದು ಉಬ್ಬಿದ್ದವು. ಒಳಗಿನ ಪ್ಲೈವುಡ್, ಹೊಟ್ಟೆಗಿಲ್ಲದ ದನದ ಪಕ್ಕೆಲುಬಿನ ಹಾಗೆ ಎದ್ದು ಕಾಣುತ್ತಿತ್ತು. ಇಪ್ಪತ್ತು ಸೆಂಟಿಮೀಟರ್ ರೇಲಿಂಗ್ ಮಾಲೆಯ ನೂಲಿಗೆ ಸಿಕ್ಕಿ ಕಿತ್ತು ಬಂದಿತ್ತು.

ಭಾನುವಾರ ಮಾವ ಹಡಗು ನೋಡಲು ಬರುವವರಿದ್ದರು. ನಡುವೆ ನಾಲ್ಕು ದಿನ. ಎಡಪಕ್ಕವನ್ನು ಪೂರ್ತಿ ಸುಲಿದು ಹೊಸದಾಗಿ ಮಾಡಬೇಕು. ಮಾಡಲು ಕೂತರೆ ಅಪ್ಪನಿಗೆ ತಿಳಿಯುತ್ತದೆ. ಎರಡು ವರ್ಷದಲ್ಲಿ ಮೊದಲ ಸಲ ಅವರು ನನ್ನ ಕೆಲಸದ ಹತ್ತಿರ ಬಂದಿದ್ದರು, ಮತ್ತು ಬಂದ ಸಲವೇ ಅದನ್ನು ಹಾಳು ಮಾಡಿದ್ದರು. ಇದನ್ನು ಅವರಿಗೆ ಹೇಳಿದರೆ ಮತ್ತೆ ಆ ಕೋಣೆಯ ಹೊಸ್ತಿಲು ದಾಟುತ್ತಾರೆಯೇ? ಹೇಳದಿದ್ದರೆ ಹಡಗು ಹೀಗೇ ಇರಬೇಕು.

ನಾನು ಮಾಡಿದ್ದು ದಣಿದವರು ಮಾಡುವುದನ್ನು. ಹಡಗಿನ ಎಡಪಕ್ಕವನ್ನು ಗೋಡೆಗೆ ತಿರುಗಿಸಿಟ್ಟೆ.

ಭಾನುವಾರ ಮಾವ ಬಂದರು. ಚಹಾ ಕುಡಿಯದೆ ನೇರ ಕೋಣೆಗೆ ಹೋದರು. ಹಿಂದೆ ಅಪ್ಪ, ಅವರ ಹಿಂದೆ ಅಮ್ಮ. ಮಾವ ಕನ್ನಡಕ ಹಾಕಿ, ಬಗ್ಗಿ, ಚಿಮಣಿಯಿಂದ ಲಂಗರಿನವರೆಗೆ ನೋಡಿದರು.

"ಇದೇ," ಎಂದರು. ಆಮೇಲೆ, "ತಿರುಗಿಸು ಮಾರಾಯ್ತಿ. ನಾನು ಮಲಗುವ ಬಂಕು ಇದ್ದದ್ದು ಆಚೆ ಪಕ್ಕ."

"ಆ ಪಕ್ಕ ಇನ್ನೂ ಮುಗಿದಿಲ್ಲ ಮಾವ."

"ಮುಗಿಯದಿದ್ರೆ ಎಂತ? ಹಡಗಿನ ಪೈಂಟ್ ಯಾವತ್ತಾದ್ರೂ ಮುಗಿದದ್ದುಂಟಾ? ನನ್ನ ಹತ್ರ ಕೇಳು!" ಎನ್ನುತ್ತಾ ತಾವೇ ತಿರುಗಿಸಿದರು.

ಉಬ್ಬಿದ ಪ್ಲೇಟುಗಳು ಅಷ್ಟರಲ್ಲಿ ಒಣಗಿ ಅಂಚು ಬಿಟ್ಟಿದ್ದವು. ಬೂದು ಬಣ್ಣ ಸಿಪ್ಪೆ ಎದ್ದಲ್ಲಿ ಒಳಗಿನ ಬಂಗಾರದ ಅಕ್ಷರಗಳು ಹೊಳೆಯುತ್ತಿದ್ದವು. ಮಾವ ಕನ್ನಡಕ ಸರಿಮಾಡಿ ಗಟ್ಟಿಯಾಗಿ ಓದಿದರು: "ನಿಮ್ಮೆಲ್ಲರ ಆಗಮನ ಬಯಸುವ..."

ಆಮೇಲೆ ನನ್ನ ಕಡೆ ತಿರುಗಿದರು.

"ಇದೆಂತ ಅವಸ್ಥೆ? ಮಳೆಗೆ ಇಟ್ಟಿದ್ಯಾ?"

"ಇಲ್ಲ. ನಾನು ತೊಳೆದದ್ದು," ಎಂದರು ಅಪ್ಪ, ಇನ್ನೂ ಹೆಮ್ಮೆಯಲ್ಲೇ. "ಆಯುಧ ಪೂಜೆಗೆ. ಶಾಂಪೂ ಹಾಕಿ."

ಮಾವ ಅಪ್ಪನನ್ನು ನೋಡಿದರು. ಹಡಗನ್ನು ನೋಡಿದರು. ಹೊಟ್ಟೆ ಹಿಡಿದುಕೊಂಡು ನಕ್ಕರು. "ಭಾವ! ಅಷ್ಟು ವರ್ಷ ಸಮುದ್ರದಲ್ಲಿ ಆಗದ್ದು ನಿಮ್ಮ ಬಕೆಟಿನಲ್ಲಿ ಆಯ್ತಲ್ಲ!"

ಅಪ್ಪ ನಗಲಿಲ್ಲ. ಹತ್ತಿರ ಬಂದು ಕಿತ್ತ ಒಂದು ಪ್ಲೇಟನ್ನು ಉಗುರಿನಿಂದ ಮುಟ್ಟಿದರು. ಅದು ಮಡಚಿಕೊಂಡಿತು. ಅವರು ಕೈ ಹಿಂದಕ್ಕೆ ತೆಗೆದರು. ಕೋಣೆಯಿಂದ ಹೊರಗೆ ಹೋದರು. ಊಟಕ್ಕೆ ಕೂತಾಗ ಮಾವ ಒಂದೆರಡು ಸಲ ಬಕೆಟಿನ ಜೋಕು ಹೇಳಿ, ಯಾರೂ ನಗದ್ದು ನೋಡಿ, ಕೋಳಿ ಸಾರು ಹೊಗಳತೊಡಗಿದರು.

ಮಾವ ಹೋದ ಮೇಲೆ ಅಪ್ಪ ಬಾಗಿಲ ಹತ್ತಿರ ಬಂದು ನಿಂತರು. ಒಳಗೆ ಬರಲಿಲ್ಲ.

"ತಗಡು ಅಂತ ಎಣಿಸಿದೆ ನಾನು."

"ಹ್ಞೂಂ."

"ಮೂವತ್ತು ವರ್ಷ ತಗಡು ತೊಳೆದಿದ್ದೇನೆ. ಬಸ್ಸಿನ ಬಾಡಿ ಹಾಗೇ ಇತ್ತು. ಜಾಯಿಂಟಿನ ಗೆರೆ ಸಮೇತ. ಸ್ವಲ್ಪವೂ ಡೌಟ್ ಬರ್ಲಿಲ್ಲ." ಆಮೇಲೆ ಕೇಳಿದರು, "ಕಾಗದ ಅಂತ ಹೇಳ್ಲಿಕ್ಕೆ ಆಗ್ತಿರಲಿಲ್ವಾ ನಿನಗೆ?"

"ನೀವು ಕೇಳ್ಲೇ ಇಲ್ಲ."

"ನೀನು ಬಾಗಿಲು ಹಾಕಿಕೊಂಡಿದ್ದೆ."

ಉಕ್ಕಿನ ಹಾಗೆ ಕಾಣಬೇಕೆಂದು ಎರಡು ವರ್ಷ ಒದ್ದಾಡಿದವಳು ನಾನು. ಲೋಹ ಬಲ್ಲ ಒಬ್ಬ ಮನುಷ್ಯ ಅದನ್ನು ಉಕ್ಕು ಎಂದೇ ನಂಬಿ ಬಕೆಟ್ ಎತ್ತಿದರು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಯಾರು ಕೊಡುತ್ತಾರೆ? ಹಾಳಾದದ್ದು ಅಪ್ಪನ ತಪ್ಪಿನಿಂದ ಎಂದು ನಾಲ್ಕು ದಿನ ಅಂದುಕೊಂಡಿದ್ದೆ. ಗಟ್ಟಿಯಾಗಿ ಕಾಣುವುದನ್ನು ಯಾರೂ ನಯವಾಗಿ ಮುಟ್ಟುವುದಿಲ್ಲ. ಅದು ಹಡಗಿಗೆ ಮಾತ್ರ ಅನ್ವಯಿಸುವ ಮಾತಲ್ಲ.

ಮರುದಿನ ನಾನು ಬಾಗಿಲು ಹಾಕದೆ ಎಡಪಕ್ಕ ಸುಲಿಯಲು ಕೂತೆ. ಅಪ್ಪ ಬಂದು ಮೇಜಿನ ಮೇಲೆ ಒಂದು ಕಟ್ಟು ಇಟ್ಟರು. ಮದುವೆ ಕಾಗದ.

"ದಪ್ಪ ಉಂಟಾ ನೋಡು. ನಮ್ಮ ರೂಟಿನ ಕಂಡಕ್ಟರ್‌ಗಳಿಗೆಲ್ಲ ಹೇಳಿದ್ದೇನೆ. ಬೆಳ್ತಂಗಡಿ ಬಸ್ಸಿನವರೂ ತರ್ತಾರೆ."

ಬಾಗಿಲ ಹಿಂದೆ ಮುಚ್ಚಿಟ್ಟಿದ್ದ ನನ್ನ ಹಡಗಿನ ವಿಷಯ ಈಗ ಮೂರು ರೂಟಿನ ಬಸ್ಸುಗಳಲ್ಲಿ ಓಡಾಡುತ್ತಿದೆ. ಮೊನ್ನೆ ಟಿಕೆಟ್ ಕೊಡುತ್ತಾ ಕಂಡಕ್ಟರ್ ಕೇಳಿದರು, "ಅಕ್ಕ, ಗೃಹಪ್ರವೇಶದ ಕಾಗದ ಆಗ್ತದಾ?" ಇಡೀ ಬಸ್ಸು ನನ್ನನ್ನು ನೋಡಿತು. ನನ್ನಂಥವಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಆಗ್ತದೆ ಎಂದೆ.

ಇನ್ನೂ ಮೂರು ತಿಂಗಳ ಕೆಲಸ ಬಾಕಿ ಇದೆ. ಕಣ್ಣು ನೋಯುತ್ತದೆ. ಅಪ್ಪ ದಿನವೂ ಸಂಜೆ ಬಂದು, ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಒಂದೊಂದೇ ತುಂಡು ತೋರಿಸಿ ಕೇಳುತ್ತಾರೆ: "ಇದು ತಗಡಾ, ಕಾಗದವಾ?" ನಾನು ಹೇಳುತ್ತೇನೆ.

ನಿನ್ನೆ ಕಾಲೇಜಿನಿಂದ ಬಂದಾಗ ಹಡಗಿನ ಮೇಲಿನ ಗೋಡೆಯಲ್ಲಿ ಒಂದು ರಟ್ಟು ಅಂಟಿತ್ತು. ಬಸ್ಸಿನ ಬೋರ್ಡಿನಂಥ ದಪ್ಪ ಅಕ್ಷರ, ಅಪ್ಪನ ಕೈಬರಹ: "ಇದು ಕಾಗದ. ನೀರು ತಾಗಿಸಬಾರದು."

ಮೊದಲ ಎರಡು ಶಬ್ದ ಹೇಳಲು ನನಗೆ ಎರಡು ವರ್ಷ ಸಾಲದೇ ಹೋದದ್ದು ಯಾಕೆ?