ಭಾವನ ಹೊಳೆಯುವ ಕಲ್ಲುಗಳು

ನನ್ನ ಅಕ್ಕನ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಓಣಿಯವರ ಬಾಯಲ್ಲಿ ಅವರು ಕಲ್ಲುಹುಚ್ಚ. ಭಾನುವಾರ ಬಂತೆಂದರೆ ಚೀಲ, ಸುತ್ತಿಗೆ ಹಿಡಿದು ಗುಡ್ಡಕ್ಕೆ ಹೊರಡುತ್ತಿದ್ದರು. ತರುತ್ತಿದ್ದದ್ದು ಆಲೂಗಡ್ಡೆಯಂಥ ಮಂಕು ಉಂಡೆಕಲ್ಲುಗಳನ್ನು. ಕೊಯ್ದರೆ ಒಳಗೆ ಟೊಳ್ಳು, ಟೊಳ್ಳಿನ ತುಂಬ ಸ್ಫಟಿಕದ ಹರಳು. ಕೆಲವು ನೇರಳಾತೀತ ದೀಪದಡಿ ಹಸಿರಾಗಿ ಹೊಳೆಯುತ್ತಿದ್ದವು.

ಯಂತ್ರದಲ್ಲಿ ಕೊಯ್ಯುವುದು ಹಿಂದಿನ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು. ನೀರು ಹಾಯಿಸಿ ಕೊಯ್ಯಬೇಕೆಂದು ಗೊತ್ತಿದ್ದರೂ, ಗೋಡೆಯೆಲ್ಲ ಕೆಸರಾಗುತ್ತದೆಂದು ಒಣಗಲ್ಲನ್ನೇ ಕೊಯ್ಯುತ್ತಿದ್ದರು. ತಾವು ಮಾತ್ರ ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳುತ್ತಿದ್ದರು. ಅವರು ಎದ್ದು ಬಂದ ಮೇಲೆ ದೂಳು ತೆಗೆಯಲು ಅಕ್ಕ ಪೊರಕೆ, ಬಟ್ಟೆ ಹಿಡಿದು ಒಳಗೆ ಹೋಗುತ್ತಿದ್ದಳು. ಹೀಗೆ ಹನ್ನೊಂದು ವರ್ಷ.

"ಕಲ್ಲಿಗೆ ಕೊಡೋ ಟೈಮಲ್ಲಿ ಅರ್ಧ ನಂಗೆ ಕೊಟ್ಟಿದ್ರೆ ನಾನೂ ಹೊಳೀತಿದ್ದೆ ಕಣೋ" ಎಂದು ನನ್ನ ಮುಂದೆ ನಗುತ್ತಿದ್ದಳು.

ಆಮೇಲೆ ನಗುವಿಗೆ ಕೆಮ್ಮು ಸೇರಿತು. ಮೆಟ್ಟಿಲು ಹತ್ತಿದರೆ ಏದುಸಿರು. ಆಸ್ಪತ್ರೆಗೆ ನಾವು ಮೂವರೂ ಹೋದೆವು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಅಕ್ಕನನ್ನು ಕೇಳಿದರು: "ಎಷ್ಟು ವರ್ಷ ಕ್ವಾರಿಲಿ ಕೆಲಸ ಮಾಡಿದ್ರಿ?"

"ಇಲ್ಲ ಡಾಕ್ಟ್ರೇ, ನಾನು ಮನೇಲೇ ಇರೋದು."

ಭಾವನ ಮುಖ ಬಿಳಿಚಿಕೊಂಡಿತು. "ಕ್ವಾರಿ ನಮ್ಮನೇಲೇ ಇತ್ತು" ಎಂದರು. ಕಲ್ಲಿನ ದೂಳು ಕೂತು ಶ್ವಾಸಕೋಶ ಗಟ್ಟಿಯಾಗಿದೆ, ವಾಸಿಯಾಗುವಂಥದ್ದಲ್ಲ ಎಂದು ಡಾಕ್ಟರು ಹೇಳಿದರು.

ಮನೆಗೆ ಬಂದವರೇ ಭಾವ ಯಂತ್ರವನ್ನು ಬಿಚ್ಚಿ ಗುಜರಿಗೆ ಹಾಕಿದರು. ಕಲ್ಲುಗಳನ್ನೂ ಗೋಣಿಗೆ ತುಂಬತೊಡಗಿದಾಗ ಅಕ್ಕ ತಡೆದಳು.

"ಇಷ್ಟು ವರ್ಷ ಒರೆಸಿದೀನಿ. ಹೊಳೆಯೋದನ್ನ ಒಂದ್ಸಲಾನೂ ನೋಡಿಲ್ಲ. ತೋರಿಸ್ರಿ."

ಮಧ್ಯಾಹ್ನವೇ ಕಿಟಕಿಗಳಿಗೆ ಕಂಬಳಿ ಕಟ್ಟಿ ಭಾವ ನೇರಳಾತೀತ ದೀಪ ಹಚ್ಚಿದರು. ಗೋಡೆಯುದ್ದಕ್ಕೂ ಜೋಡಿಸಿದ್ದ ಕಲ್ಲುಗಳಲ್ಲಿ ಹಸಿರು, ಅಲ್ಲಲ್ಲಿ ಕೆಂಡದಂಥ ಕೆಂಪು. ಅಕ್ಕ ಒಂದೊಂದನ್ನೂ ನೋಡಿದಳು.

"ಚೆನ್ನಾಗಿದೆ" ಎಂದಳು. ಸ್ವಲ್ಪ ಹೊತ್ತಿಗೆ, "ಕಿಟಕಿ ತೆಗೀರಿ, ಉಸಿರು ಕಟ್ತಿದೆ."

ಏಳು ತಿಂಗಳಿಗೆ ಅವಳು ಹೋದಳು. ಕೊನೆಯ ವಾರಗಳಲ್ಲಿ ಮಲಗಲಾಗದೆ ದಿಂಬಿಗೊರಗಿ ಕೂತೇ ಇದ್ದಳು. ಬೆನ್ನು ನೀವುತ್ತ ಭಾವನೂ ಕೂತಿದ್ದರು. ಕಲ್ಲುಗಳನ್ನು ಒಂದು ಕಾಲೇಜಿಗೆ ಕೊಟ್ಟರು. ಕಾಲೇಜಿನವರು ಕಳಿಸಿದ ಪ್ರಶಂಸಾಪತ್ರದ ಲಕೋಟೆಯನ್ನು ಇನ್ನೂ ಒಡೆದಿಲ್ಲ.

ಭಾವ ಒಮ್ಮೆ ಮಾತ್ರ ಕೇಳಿದರು: "ಅವಳಿಗೂ ಒಂದು ಮಾಸ್ಕ್ ತರಬೇಕು ಅಂತ ನಂಗ್ಯಾಕೆ ಹೊಳೀಲಿಲ್ಲ ಹೇಳು?"

ಸಮಾಧಾನ ಹೇಳಬಹುದಿತ್ತು, ಮನಸ್ಸು ಒಪ್ಪಲಿಲ್ಲ. ಈಗಲೂ ವಾರಕ್ಕೊಮ್ಮೆ ಹೋಗುತ್ತೇನೆ. ಇಬ್ಬರೂ ಟೀ ಕುಡಿಯುತ್ತೇವೆ. ಲೋಟಗಳನ್ನು ತೊಳೆದಿಟ್ಟು ಬರುತ್ತೇನೆ.